ರಿಪೇರಿಯ ಮರುದಿನದ ಸದ್ದು

ಹಬ್ಬಕ್ಕೆಂದು ಗ್ಯಾರೇಜಿಗೆ ಹೋದ ಕಾರು ಮಿರಮಿರನೆ ಹೊಳೆಯುತ್ತ ಮನೆಗೆ ಮರಳಿತು. ಬಿಲ್ಲಿನಲ್ಲಿ ಎಲ್ಲಿಯೂ ನಮೂದಾಗದ ಒಂದು ಸದ್ದನ್ನೂ ಹೊತ್ತುತಂದಿತು. ಕೆಟ್ಟದ್ದು ಯಾವ ಭಾಗ ಎಂದು ತೀರ್ಪು ಕೊಡುವ ಮುನ್ನ, ಆ ಸದ್ದು ಯಾವಾಗ ಏಳುತ್ತದೆ, ಯಾವಾಗ ಅಡಗುತ್ತದೆ ಎಂದು ಕಿವಿಗೊಟ್ಟವರು ಹಣ ಉಳಿಸಿಕೊಂಡರು, ಒಮ್ಮೊಮ್ಮೆ ಪ್ರಾಣವನ್ನೂ.

ಮಹಾನವಮಿಗೆ ಮುಂಚಿನ ವಾರದಲ್ಲಿ ಬೆಂಗಳೂರಿನ ಯಾವ ಗ್ಯಾರೇಜಿನ ಬೀದಿಗೆ ಹೋಗಿ ನಿಂತರೂ ಅಲ್ಲೊಂದು ಸಡಗರವುಂಟು. ಜಾಕಿನ ಮೇಲೆ ಒಂದು ಕಾಲನ್ನೆತ್ತಿ ನಿಂತ ಕಾರುಗಳು, ಮೈತುಂಬ ನೊರೆ ಬಳಿದುಕೊಂಡು ಸ್ನಾನಕ್ಕೆ ಕಾದ ಕಾರುಗಳು, ಬಾನೆಟ್ಟು ತೆರೆದು ಆಕಾಶಕ್ಕೆ ಬಾಯಿಬಿಟ್ಟ ಕಾರುಗಳು, ಇವುಗಳ ನಡುವೆ ಜಯಚಾಮರಾಜೇಂದ್ರ ರಸ್ತೆಯ ಅಂಗಡಿಗಳಿಂದ ಬಿಡಿಭಾಗದ ಪೊಟ್ಟಣ ಹಿಡಿದು ಓಡಿಬರುವ ಹುಡುಗರು. ಆಯುಧಪೂಜೆಯ ದಿನ ತಮ್ಮ ವಾಹನವು ಕುಂಟುತ್ತ ಪೂಜೆಗೆ ನಿಲ್ಲಬಾರದೆಂಬ ಛಲದಿಂದ, ಮಳೆಗಾಲವಿಡೀ ಮುಂದೂಡಿಕೊಂಡು ಬಂದ ದುರಸ್ತಿಗಳನ್ನೆಲ್ಲ ಜನ ಆ ಒಂದೇ ವಾರದಲ್ಲಿ ಮಾಡಿಸಿಕೊಳ್ಳುತ್ತಾರೆ.

ಹಬ್ಬ ಮುಗಿಯುತ್ತದೆ. ಒಡೆದ ಬೂದುಗುಂಬಳದ ಕಲೆ ರಸ್ತೆಯ ಮೇಲಿನಿಂದ ಮಾಸಿರುವುದಿಲ್ಲ, ಬಂಪರಿಗೆ ಬಿಗಿದ ಬಾಳೆಕಂದು ಪೂರ್ತಿ ಬಾಡಿರುವುದಿಲ್ಲ. ಅಷ್ಟರಲ್ಲಿಯೇ ಅವೇ ಕಾರುಗಳು ಅದೇ ಬೀದಿಗೆ ಒಂದೊಂದಾಗಿ ಮರಳತೊಡಗುತ್ತವೆ. ಈ ಸಲ ಇಳಿಯುವ ಮಾಲೀಕರ ಮುಖದಲ್ಲಿ ಸಡಗರವಿಲ್ಲ.

ಅಂತಹ ಒಬ್ಬರು ನಿವೃತ್ತ ಮೇಷ್ಟ್ರು. ಹಬ್ಬಕ್ಕೆ ಮುಂಚೆ ತಮ್ಮ ಸಣ್ಣ ಕಾರಿಗೆ ಮುಂದಿನ ಎರಡು ಷಾಕ್ ಅಬ್ಸಾರ್ಬರುಗಳನ್ನೂ, ಜೊತೆಯಲ್ಲಿ ಬ್ರೇಕ್ ಪ್ಯಾಡುಗಳನ್ನೂ ಹೊಸದಾಗಿ ಹಾಕಿಸಿಕೊಂಡು ಹೋಗಿದ್ದವರು, ಮಡಿಸಿದ ಬಿಲ್ಲನ್ನು ಕೈಯಲ್ಲಿ ಹಿಡಿದೇ ಗಾಡಿಯಿಂದಿಳಿದರು.

“ಏನು ಮೇಸ್ತ್ರೀ, ನೀವು ಕೇಳಿದಷ್ಟೂ ಎಣಿಸಿಕೊಟ್ಟೆ. ಈಗ ನೋಡಿದರೆ ಮುಂದಿನಿಂದ ಕಟಕಟ ಅಂತ ಬಡಿದುಕೊಳ್ಳುತ್ತೆ. ನೀವು ಹಾಕಿರೋ ಷಾಕ್ ಅಬ್ಸಾರ್ಬರು ಒರಿಜಿನಲ್ ಅಲ್ಲ, ಅಷ್ಟೇ.”

ಮೇಸ್ತ್ರಿ ವಾದಕ್ಕಿಳಿಯಲಿಲ್ಲ. ವೇಸ್ಟ್ ಬಟ್ಟೆಗೆ ಕೈಯೊರಸಿಕೊಂಡು, “ಬನ್ನಿ ಸಾರ್, ಒಂದು ರೌಂಡು ಹೋಗಿಬರೋಣ. ಗಾಡಿ ನೀವೇ ಓಡಿಸಿ, ನಾನು ಪಕ್ಕದಲ್ಲಿ ಕೂತ್ಕೊಳ್ತೀನಿ” ಎಂದರು.

ಮಾಲೀಕರ ಕೈಗೇ ಸ್ಟೀರಿಂಗು ಬಿಡುವ ಈ ಪದ್ಧತಿಯಲ್ಲಿ ಅನುಭವದ ಜಾಣತನವಿದೆ. ಮೇಸ್ತ್ರಿ ಓಡಿಸಿದಾಗ ಅಡಗಿ, ಮಾಲೀಕರು ಓಡಿಸಿದೊಡನೆ ಎದ್ದು ಬರುವ ಸದ್ದುಗಳು ಗ್ಯಾರೇಜಿನ ನಿತ್ಯದ ಅನುಭವ. ಅದರಲ್ಲಿ ಮಾಯೆಯೇನೂ ಇಲ್ಲ, ಒಬ್ಬೊಬ್ಬರು ಗೇರು ಬದಲಿಸುವ ವೇಗ, ಕ್ಲಚ್ಚಿನ ಮೇಲೆ ಕಾಲಿಡುವ ಚಾಳಿ, ಹಳ್ಳಕ್ಕೆ ಚಕ್ರ ಇಳಿಸುವ ರೀತಿ ಬೇರೆ ಬೇರೆಯಾಗಿರುವುದರಿಂದ ಸದ್ದಿನ ನಿಮಿತ್ತವೂ ಬೇರೆಯಾಗುತ್ತದೆ.

ದುರಸ್ತಿಯ ಬೆನ್ನಿಗೆ ಬಂದ ಸದ್ದಿಗೆ ದುರಸ್ತಿಯೇ ಕಾರಣವೆಂದು ಮನಸ್ಸು ಕೂಡಲೆ ನಿಶ್ಚಯಿಸುವುದು ಸಹಜ. ನಮ್ಮ ತಾರ್ಕಿಕರು ಇದಕ್ಕೆ ಕಾಕತಾಲೀಯ ನ್ಯಾಯವೆಂದು ಎಂದೋ ಎಚ್ಚರಿಕೆ ಹೇಳಿಟ್ಟಿದ್ದಾರೆ: ಕಾಗೆ ಬಂದು ತಾಳೆಯ ಮೇಲೆ ಕುಳಿತ ಗಳಿಗೆಯಲ್ಲೇ ಹಣ್ಣು ಉದುರಿತು, ಉದುರಬೇಕಾಗಿದ್ದ ಹಣ್ಣು ಉದುರಿತು, ಅಪವಾದ ಮಾತ್ರ ಕಾಗೆಯ ತಲೆಗೆ ಬಂತು. ಹದಿನೈದು ವರ್ಷ ಓಡಿದ ಕಾರಿನಲ್ಲಿ ಉದುರಲು ಕಾದ ಹಣ್ಣುಗಳು ಬೇಕಾದಷ್ಟಿರುತ್ತವೆ.

ಆದರೆ ಮೋಟಾರಿನ ವಿಷಯದಲ್ಲಿ ಕಾಗೆಯನ್ನು ಅಷ್ಟು ಸುಲಭವಾಗಿ ನಿರಪರಾಧಿಯೆಂದು ಬಿಟ್ಟುಬಿಡುವಂತೆಯೂ ಇಲ್ಲ. ಬಹುಪಾಲು ಸಂದರ್ಭಗಳಲ್ಲಿ ಹೊಸ ಸದ್ದಿನ ಮೂಲವು ಮನುಷ್ಯನ ಕೈ ಮುಟ್ಟಿದೆಡೆಯಲ್ಲಿಯೇ ಇರುತ್ತದೆ. ಸೂಕ್ಷ್ಮವೇನೆಂದರೆ, ಹೊಸದಾಗಿ ಹಾಕಿದ ಭಾಗದಲ್ಲಿ ಅದು ಇರುವುದು ವಿರಳ, ಆ ಭಾಗವನ್ನು ತಲುಪಲು ದಾರಿಯಲ್ಲಿ ಬಿಚ್ಚಿದ ಸಾಮಾನುಗಳಲ್ಲಿ ಇರುವುದೇ ಹೆಚ್ಚು. ಎಂಜಿನ್ ಆಯಿಲ್ ಬದಲಿಸಲು ಕಳಚಿದ ತಳದ ಪ್ಲಾಸ್ಟಿಕ್ ಹೊದಿಕೆಗೆ ಎರಡು ಕ್ಲಿಪ್ಪು ಕಡಿಮೆ ಬಿದ್ದರೆ, ಗಂಟೆಗೆ ಅರುವತ್ತು ಕಿಲೋಮೀಟರ್ ದಾಟಿದೊಡನೆ ಅದು ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತದೆ. ಬ್ರೇಕ್ ಡಿಸ್ಕಿನ ಹಿಂದೆ ಧೂಳು ತಡೆಯಲೆಂದು ಇಟ್ಟ ತೆಳು ತಗಡು ಕೆಲಸದ ಭರದಲ್ಲಿ ಕೊಂಚ ಬಾಗಿದರೂ ಸಾಕು, ತಿರುಗುವ ಡಿಸ್ಕಿಗೆ ತಾಗಿ ಎದೆ ನಡುಗುವಂತೆ ಕೆರೆಯುತ್ತದೆ. ಅದನ್ನು ಸರಿಮಾಡಲು ಬೇಕಾದದ್ದು ಎರಡು ಬೆರಳಿನ ಬಲ. ಪಂಕ್ಚರಿನ ನಂತರ ಡಿಕ್ಕಿಗೆ ಮರಳಿದ ಸ್ಟೆಪ್ನಿಯನ್ನೂ ಜಾಕನ್ನೂ ಸರಿಯಾಗಿ ಬಿಗಿಯದೆ ಬಿಟ್ಟುದರಿಂದ ಹುಟ್ಟಿದ ಗಡಗಡಕ್ಕೆ ಹಿಂದಿನ ಸಸ್ಪೆನ್ಷನ್ನೇ ಬದಲಾದ ಕಥೆಗಳುಂಟು.

ಬಿಗಿಮಾಡಿದ್ದರಿಂದಲೇ ಹುಟ್ಟುವ ಸದ್ದೂ ಒಂದಿದೆ, ಇದನ್ನು ಸ್ವಲ್ಪ ವಿವರಿಸಬೇಕು. ಚಕ್ರವನ್ನು ಚೌಕಟ್ಟಿಗೆ ಕೂಡಿಸುವ ಕೆಳತೋಳಿನ ಬುಡದಲ್ಲಿ ರಬ್ಬರಿನ ಬುಷ್ ಇರುತ್ತದೆ. ಅದರ ನಡುವಿನ ಉಕ್ಕಿನ ಕೊಳವೆಯನ್ನು ಬೋಲ್ಟು ಹಿಡಿದುಕೊಂಡರೆ, ತೋಳು ಮೇಲೆ ಕೆಳಗೆ ಆಡುವಾಗ ರಬ್ಬರು ತಾನೇ ಹುರಿಗೊಂಡು ಬಿಡಿಸಿಕೊಳ್ಳುತ್ತದೆ. ಕಾರು ಜಾಕಿನ ಮೇಲಿದ್ದು ಚಕ್ರವು ಕೆಳಕ್ಕೆ ಜೋತಿರುವಾಗಲೇ ಆ ಬೋಲ್ಟನ್ನು ಕಡೆಯ ಸುತ್ತಿನವರೆಗೆ ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿದ ಸ್ಥಿತಿಯಲ್ಲಿಯೇ ಜೀವನ ಕಳೆಯಬೇಕಾಗುತ್ತದೆ. ಅದು ಮೊದಲು ಕಿರುಗುಟ್ಟುತ್ತದೆ, ಆಮೇಲೆ ಅಕಾಲದಲ್ಲಿ ಹರಿಯುತ್ತದೆ. ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ತರುವಾಯ ಕಡೆಯ ಬಿಗಿತ ಕೊಡಬೇಕೆಂಬುದು ತಯಾರಕರ ಕೈಪಿಡಿಗಳ ನಿಯಮ. ಹಬ್ಬದ ವಾರದ ಅವಸರದಲ್ಲಿ ಗಾಡಿಯನ್ನು ಇಳಿಸಿ, ಮತ್ತೆ ಕೆಳಗೆ ನುಸುಳಿ, ಆ ಒಂದು ಸುತ್ತು ತಿರುಗಿಸಲು ಯಾರಿಗೆ ವ್ಯವಧಾನ?

ಮೂರನೆಯ ಒಂದು ಸಾಧ್ಯತೆಯನ್ನು ಮಾಲೀಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ದುರಸ್ತಿಯು ಸದ್ದನ್ನು ಹುಟ್ಟಿಸದೆ, ಅಡಗಿದ್ದ ಸದ್ದನ್ನು ಬಯಲಿಗೆ ತರುವುದುಂಟು. ತೂತುಬಿದ್ದ ಸೈಲೆನ್ಸರಿನ ಅಬ್ಬರದಲ್ಲಿ ಚಕ್ರದ ಬೇರಿಂಗಿನ ಗುಂಯ್‌ಗಾನ ತಿಂಗಳುಗಟ್ಟಲೆ ಕೇಳದೆ ಇದ್ದು, ಸೈಲೆನ್ಸರು ಹೊಸದಾದ ದಿನವೇ ಕಿವಿಗೆ ಬೀಳುತ್ತದೆ. ಸವೆದ ಷಾಕ್ ಅಬ್ಸಾರ್ಬರಿನ ಮೆತ್ತನೆಯ ಓಲಾಟದಲ್ಲಿ ಸುಮ್ಮನಿದ್ದ ಹಳೆಯ ಬಾಲ್ ಜಾಯಿಂಟು, ಹೊಸ ಷಾಕ್ ಅಬ್ಸಾರ್ಬರಿನ ಬಿಗುಪಿಗೆ ತನ್ನ ಸಡಿಲನ್ನೆಲ್ಲ ಟಕ್ಕೆಂದು ಸಾರಿಬಿಡುತ್ತದೆ.

ತೊಳೆದ ಮರುದಿನದ ಕೆರೆತ
ಪೂಜೆಗೆಂದು ಕಾರು ತೊಳೆಸಿದ ಮರುದಿನ ಬೆಳಿಗ್ಗೆ ಮೊದಲ ಸಲ ಬ್ರೇಕು ಒತ್ತಿದಾಗ ಕರಕರ ಕೆರೆದ ಸದ್ದಾದರೆ ಗಾಬರಿ ಬೇಡ. ಬ್ರೇಕ್ ಡಿಸ್ಕು ಎರಕದ ಕಬ್ಬಿಣದ್ದು. ನೀರು ಬಿದ್ದು ರಾತ್ರಿ ನಿಂತರೆ ಅದರ ಮೇಲೆ ಕೆಂಪು ತುಕ್ಕಿನ ತೆಳುಪೊರೆ ಕಟ್ಟುತ್ತದೆ, ನಾಲ್ಕಾರು ಸಲ ಬ್ರೇಕು ಹಿಡಿದರೆ ಪ್ಯಾಡು ಅದನ್ನು ಒರಸಿಹಾಕುತ್ತದೆ. ಹಾಗೆ ಒರಸಿಹೋಗದೆ ದಿನವೂ ಉಳಿಯುವ ಕೆರೆತ, ಇಲ್ಲವೆ ಕೀಚೆಂದು ಸಣ್ಣದನಿಯಲ್ಲಿ ಅಳುವ ಸದ್ದು ಬೇರೆ ವಿಷಯ: ಹಲವು ಪ್ಯಾಡುಗಳಲ್ಲಿ ಸವೆತ ಮಿತಿಮೀರಿದೊಡನೆ ಡಿಸ್ಕಿಗೆ ತಾಗಿ ಕೂಗುವಂತೆ ಒಂದು ತಗಡಿನ ನಾಲಗೆಯನ್ನು ತಯಾರಕರೇ ಇಟ್ಟಿರುತ್ತಾರೆ.

ಇನ್ನು ಮೇಷ್ಟ್ರ ಕಾರಿನ ವಿಷಯ. ಗ್ಯಾರೇಜಿನ ಹಿಂದಿನ ಅಡ್ಡರಸ್ತೆಯಲ್ಲಿ ಜಲಮಂಡಳಿಯವರು ಅಗೆದು ಮುಚ್ಚಿದ ಕಾಲುವೆಗಳ ಸಾಲಿತ್ತು. ಸಣ್ಣ ಸಣ್ಣ ಕುಳಿಗಳ ಮೇಲೆ ನಿಧಾನವಾಗಿ ಹೋದಾಗ ಕಟಕಟ. ನಯವಾದ ಡಾಂಬರಿನ ಮೇಲೆ ನಿಶ್ಶಬ್ದ. ದೊಡ್ಡ ಉಬ್ಬನ್ನು ಮೆಲ್ಲಗೆ ಹತ್ತಿ ಇಳಿದರೂ ನಿಶ್ಶಬ್ದ. ಷಾಕ್ ಅಬ್ಸಾರ್ಬರು ಅತ್ಯಂತ ಹೆಚ್ಚು ಅಲುಗುವುದು ಆ ದೊಡ್ಡ ಉಬ್ಬಿನ ಮೇಲೆ. ಅಲ್ಲಿ ಮೌನವಾಗಿದ್ದು ಸಣ್ಣ ಕುಳಿಯಲ್ಲಿ ಮಾತ್ರ ಅರಚುವುದಾದರೆ ಅಪರಾಧಿ ಬೇರೆ ಯಾರೋ ಇರಬೇಕು. ಸ್ಟೆಬಿಲೈಸರಿನ ಲಿಂಕ್ ರಾಡ್ ಇರಬಹುದು, ಬೇರಾವುದೋ ಸಡಿಲ ತುಂಡಿರಬಹುದು.

“ಸಾರ್, ಅದೇ ಕುಳಿಗಳ ಮೇಲೆ ಇನ್ನೊಂದು ಸಲ ಹೋಗಿ. ಈ ಸಲ ಬ್ರೇಕಿನ ಮೇಲೆ ಕಾಲು ಸ್ವಲ್ಪವೇ ಒತ್ತಿಕೊಂಡಿರಿ.”

ಸದ್ದು ನಿಂತಿತು. ಕಾಲು ತೆಗೆದರೆ ಬಂತು. ಒತ್ತಿದರೆ ಮತ್ತೆ ನಿಂತಿತು. ಒಂದಿದ್ದಾಗ ಇನ್ನೊಂದು ಇರುವುದು, ಒಂದಿಲ್ಲದಾಗ ಇನ್ನೊಂದು ಇಲ್ಲದಿರುವುದು ಎಂಬ ಅನ್ವಯ ವ್ಯತಿರೇಕಗಳನ್ನು ನ್ಯಾಯಶಾಸ್ತ್ರದ ಪಾಠಶಾಲೆಯಲ್ಲಿ ಕಲಿಯದ ಆ ಮೇಸ್ತ್ರಿ, ಅವನ್ನು ಪ್ರಯೋಗಿಸಿದ ಸೊಗಸು ಪಂಡಿತರೂ ಮೆಚ್ಚತಕ್ಕದ್ದು. ಬ್ರೇಕು ಒತ್ತಿದಾಗ ಪ್ಯಾಡುಗಳು ಡಿಸ್ಕನ್ನು ಅಪ್ಪಿಹಿಡಿಯುವುದರಿಂದ ಅವು ಅಲುಗಲಾರವು. ಬಿಟ್ಟಾಗ ತಮ್ಮ ಗೂಡಿನಲ್ಲಿ ಸಡಿಲವಾಗಿದ್ದರೆ ಪ್ರತಿ ಕುಳಿಗೂ ಕುಣಿಯುತ್ತವೆ. ಚಕ್ರ ಕಳಚಿ ನೋಡಿದಾಗ, ಪ್ಯಾಡನ್ನು ಅದುಮಿ ಹಿಡಿಯಬೇಕಾದ ತೆಳು ಉಕ್ಕಿನ ಕ್ಲಿಪ್ಪು ಒಂದು ಕಡೆ ಇರಲೇ ಇಲ್ಲ. ಹುಡುಗ ಹಳೆಯ ಪ್ಯಾಡಿನ ಜೊತೆಗೆ ಅದನ್ನೂ ಗುಜರಿಯ ಡಬ್ಬಕ್ಕೆ ಎಸೆದಿದ್ದ.

ಷಾಕ್ ಅಬ್ಸಾರ್ಬರಿನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದ ಆ ತುಂಡು ಕೂತ ಮೇಲೆ ಕಾರು ತೆಪ್ಪಗಾಯಿತು. ತಪ್ಪು ಗ್ಯಾರೇಜಿನದೇ ಎಂಬಷ್ಟರಮಟ್ಟಿಗೆ ಮೇಷ್ಟ್ರ ಸಂಶಯ ನಿಜವಾಯಿತು. ಆದರೆ ಅವರು ಬೆರಳು ತೋರಿಸಿದ ಭಾಗ ನಿರ್ದೋಷಿ. ಬಿಲ್ಲಿನಲ್ಲಿ ಯಾವ ಸಾಲಿನ ಮೊತ್ತ ಅತಿ ದೊಡ್ಡದೋ ಅದರ ಮೇಲೆಯೇ ನಮ್ಮ ಸಂಶಯವೂ ಹೋಗಿ ಕೂರುತ್ತದೆಯೆಂಬುದು ನನ್ನ ಅಭಿಪ್ರಾಯ. ಸದ್ದಿಗಾದರೋ ಬೆಲೆಪಟ್ಟಿಯ ಪರಿಜ್ಞಾನವಿಲ್ಲ.

ಉಬ್ಬಿನ ಶಾಸ್ತ್ರ
ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ದುಂಡು ಬೆನ್ನಿನ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದನ್ನು ಸುಖವಾಗಿ ದಾಟಬಹುದು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಮೊಳದಗಲದ ದಿಣ್ಣೆಗಳು ಈ ಶಾಸ್ತ್ರವನ್ನು ಓದಿದಂತಿಲ್ಲ. ಸಸ್ಪೆನ್ಷನ್ ಪರೀಕ್ಷೆಗೆ ಮಾತ್ರ ಎರಡೂ ಉಪಯುಕ್ತ: ಅಗಲವಾದ ಉಬ್ಬು ಷಾಕ್ ಅಬ್ಸಾರ್ಬರನ್ನು ಮಾತಾಡಿಸುತ್ತದೆ, ಮೊಂಡು ದಿಣ್ಣೆ ಸಡಿಲ ಕೀಲುಗಳನ್ನು.

ಬಿಚ್ಚದೆ ಒಳಗನ್ನು ತಿಳಿಯುವ ವಿದ್ಯೆ ಮೋಟಾರಿಗಿಂತ ಪುರಾತನ. ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಔಯೆನ್‌ಬ್ರುಗರ್ 1761ರಲ್ಲಿ, ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ಸ್ಥಿತಿಯನ್ನು ಅರಿಯುವ ಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ. ತಂದೆ ಛತ್ರದವನಾದ್ದರಿಂದ, ಮದ್ಯದ ಪೀಪಾಯಿಗಳನ್ನು ತಟ್ಟಿ ಮಟ್ಟ ತಿಳಿಯುವುದನ್ನು ಬಾಲ್ಯದಲ್ಲಿಯೇ ಕಂಡಿದ್ದನೆಂದು ಹೇಳುತ್ತಾರೆ. 1816ರಲ್ಲಿ ಪ್ಯಾರಿಸಿನ ಲೇನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದ. ಸ್ಟೆತಾಸ್ಕೋಪು ಅಲ್ಲಿಂದ ಹುಟ್ಟಿತು. ಹಿಂದೆ ದೊಡ್ಡ ರೈಲು ನಿಲ್ದಾಣಗಳಲ್ಲಿ, ಗಾಡಿ ನಿಂತೊಡನೆ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದು ಗಾಲಿಯನ್ನೂ ಬಡಿಯುತ್ತ ಸಾಗುತ್ತಿದ್ದ ನೌಕರನದ್ದೂ ಇದೇ ವಿದ್ಯೆ: ಗಟ್ಟಿ ಗಾಲಿ ಗಂಟೆಯಂತೆ ನುಡಿಯುತ್ತದೆ, ಬಿರುಕುಬಿಟ್ಟದ್ದು ಮಂಕಾಗಿ ಸದ್ದುಮಾಡುತ್ತದೆ.

ಗ್ಯಾರೇಜಿನಲ್ಲಿ ಲೇನೆಕ್ಕನ ಸ್ಥಾನವನ್ನು ಉದ್ದನೆಯ ಸ್ಕ್ರೂಡ್ರೈವರು ಪಡೆದಿದೆ. ಅದರ ತುದಿಯನ್ನು ಆಲ್ಟರ್ನೇಟರಿನ ಮೈಗೊ ನೀರಿನ ಪಂಪಿನ ಮೈಗೊ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ತಾಗಿಸಿದರೆ, ಎಂಜಿನ್ನಿನ ಸಮಸ್ತ ಗದ್ದಲದ ನಡುವೆ ಆ ಒಂದರ ಬೇರಿಂಗು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ ಸುಮಾರು 5000 ಮೀಟರ್ ಹೋಗುತ್ತದೆ, ಅದೂ ದಾರಿಯಲ್ಲಿ ಹೆಚ್ಚು ಸೊರಗದೆ. ಉಪಕಾರಿಯಾದ ಈ ಗುಣವೇ ಮೋಸಕ್ಕೂ ಕಾರಣ: ಹಿಂದಿನ ಚಕ್ರದ ಬಡಿತ ಚೌಕಟ್ಟಿನ ಉಕ್ಕನ್ನು ಹಿಡಿದು ಬಂದು ಡ್ಯಾಶ್‌ಬೋರ್ಡಿನೊಳಗೆ ಹುಟ್ಟಿದಂತೆ ಕೇಳಿಸುವುದುಂಟು. ಸ್ಕ್ರೂಡ್ರೈವರಿನ ಪ್ರಯೋಗಕ್ಕೆ ಹೊಸಬರು ಕೈಹಾಕದಿರುವುದು ಕ್ಷೇಮ. ಓಡುವ ಬೆಲ್ಟಿಗೆ ತೋಳಿನ ಬಟ್ಟೆ ಸಿಕ್ಕರೆ ಸದ್ದಿನ ಚಿಂತೆ ಹೋಗಿ ಬೆರಳಿನ ಚಿಂತೆ ಹತ್ತುತ್ತದೆ, ಹಾಗೂ ರೇಡಿಯೇಟರಿನ ಫ್ಯಾನು ಹಲವು ಕಾರುಗಳಲ್ಲಿ ಎಂಜಿನ್ನು ನಿಂತ ಮೇಲೂ ತಾನಾಗಿ ತಿರುಗಲು ಶುರುಮಾಡುತ್ತದೆ.

ಮಾಲೀಕರಾದವರು ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಪರೀಕ್ಷೆಗಳು ಇದಕ್ಕಿಂತ ನಿರಪಾಯವಾದುವು, ಫಲದಲ್ಲಿ ಕಡಿಮೆಯವೂ ಅಲ್ಲ. ಮೊದಲ ಪ್ರಶ್ನೆ: ಸದ್ದು ಎಂಜಿನ್ನನ್ನು ಹಿಂಬಾಲಿಸುತ್ತದೆಯೋ ಚಕ್ರವನ್ನೋ? ಖಾಲಿ ನೇರ ರಸ್ತೆಯಲ್ಲಿ ಒಂದೇ ವೇಗವನ್ನು ಕಾಯ್ದುಕೊಂಡು ಒಮ್ಮೆ ನಾಲ್ಕನೆಯ ಗೇರಿನಲ್ಲಿ, ಒಮ್ಮೆ ಐದನೆಯ ಗೇರಿನಲ್ಲಿ ಓಡಿಸಿದರೆ ಉತ್ತರ ಸಿಗುತ್ತದೆ. ಗೇರು ಬದಲಾದಾಗ ಸದ್ದಿನ ಶ್ರುತಿಯೂ ಬದಲಾದರೆ ಅದು ಎಂಜಿನ್ನಿನ ಸಂತಾನ. ಬದಲಾಗದಿದ್ದರೆ ಚಕ್ರ, ಟಯರು, ಆಕ್ಸಲುಗಳ ಕಡೆಯದು. ಇಷ್ಟನ್ನು ತಿಳಿದುಕೊಂಡು ಗ್ಯಾರೇಜಿಗೆ ಹೋದರೆ ಮೇಸ್ತ್ರಿಯ ಅರ್ಧ ಕೆಲಸ ಮುಗಿದಂತೆ.

ಚಕ್ರದ ಕಡೆಯದೆಂದು ಗೊತ್ತಾದ ಮೇಲೆ ತಿರುವು ಉಪಯೋಗಕ್ಕೆ ಬರುತ್ತದೆ. ಗುಂಯ್ಗುಡುವ ಸದ್ದು ಎಡಕ್ಕೆ ಹೊರಳಿದಾಗ ಏರಿದರೆ ಬಲಗಡೆಯ ಬೇರಿಂಗಿನ ಮೇಲೆ ಸಂಶಯ, ಬಲಕ್ಕೆ ಹೊರಳಿದಾಗ ಏರಿದರೆ ಎಡಗಡೆಯದರ ಮೇಲೆ. ಹೊರಳುವಾಗ ಗಾಡಿಯ ಭಾರ ಎದುರು ಮಗ್ಗುಲಿಗೆ ವಾಲುವುದೇ ಇದಕ್ಕೆ ಕಾರಣ. ಸ್ಟೀರಿಂಗನ್ನು ತುದಿಯವರೆಗೆ ತಿರುಗಿಸಿ ಗಾಡಿ ಮುಂದಕ್ಕೆ ತೆಗೆದಾಗ ಟಕಟಕವೆಂದು ಎಣಿಸುವಂತಹ ಸದ್ದು ಬಂದರೆ ಡ್ರೈವ್ ಷಾಫ್ಟಿನ ಹೊರಗಿನ ಕೀಲು ಸವೆದಿದೆಯೆಂದು ತಿಳಿಯಬೇಕು. ಅದರ ರಬ್ಬರು ಗವುಸು ಹರಿದು ಗ್ರೀಸು ಚೆಲ್ಲಿ ಧೂಳು ನುಗ್ಗಿದ್ದರೆ ಕಾರಣ ಕಣ್ಣಿಗೇ ಕಾಣುತ್ತದೆ.

ಟಯರಿನ ವಿಷಯದಲ್ಲೊಂದು ತಮಾಷೆಯುಂಟು. ಸರ್ವಿಸಿನ ವೇಳೆ ಹಿಂದಿನ ಟಯರು ಮುಂದಕ್ಕೆ, ಮುಂದಿನದು ಹಿಂದಕ್ಕೆ ಬದಲಾಗುವುದು ವಾಡಿಕೆ. ಹಿಂದಿದ್ದಾಗ ಏರುತಗ್ಗಾಗಿ ಸವೆದ ಟಯರು, ಡಿಕ್ಕಿಯ ಆಚೆ ಗೊಣಗಿಕೊಂಡಿದ್ದದ್ದು, ಈಗ ಚಾಲಕನ ಕಾಲಬುಡದಲ್ಲಿ ಬಂದು ಗೊಣಗುತ್ತದೆ. ಬೇರಿಂಗು ಹೋಯಿತೆಂದು ಗಾಬರಿ. ಸದ್ದು ಡಾಂಬರಿನ ಮೇಲೊಂದು ರೀತಿ, ಕಾಂಕ್ರೀಟಿನ ಮೇಲೊಂದು ರೀತಿಯಾದರೆ ಟಯರು. ರಸ್ತೆ ಯಾವುದಾದರೂ ಒಂದೇ ರಾಗವಾದರೆ ಬೇರಿಂಗು.

ಎಣಿಸುವ ಕಿವಿ
ಸಣ್ಣ ಕಾರಿನ ಟಯರು ಒಂದು ಸುತ್ತಿಗೆ ಸುಮಾರು 1.8 ಮೀಟರ್ ಕ್ರಮಿಸುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಮೂರು ಸಲ ಸುತ್ತುತ್ತದೆ. ಟಯರಿಗೆ ಮೊಳೆ ಚುಚ್ಚಿದ್ದರೆ ‘ಟಿಕ್’ ಸದ್ದು ಸೆಕೆಂಡಿಗೆ ಮೂರೇ ಸಲ. ನಿಂತ ಕಾರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಹದಿಮೂರು ಸುತ್ತಾಯಿತು. ಕವಾಟಗಳನ್ನು ತೆರೆಯುವ ಕ್ಯಾಮ್ ಷಾಫ್ಟು ಅದರರ್ಧ, ಆರೇಳು ಸುತ್ತು. ಆದಕಾರಣ ಒಂದು ಕವಾಟದ ಟಿಕ್‌ಟಿಕ್ ನಿಧಾನವಾಗಿಯೂ, ಕ್ರ್ಯಾಂಕಿನ ಬಡಿತ ಅದರ ಇಮ್ಮಡಿ ಚುರುಕಾಗಿಯೂ ಕೇಳುತ್ತದೆ.

ಎಂಜಿನ್ನು ಗೇರುಪೆಟ್ಟಿಗೆಗಳ ಕಡೆಯ ಸದ್ದಿಗೆ ಕ್ಲಚ್ಚೇ ನ್ಯಾಯಾಧೀಶ. ಕಾರನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಎಂಜಿನ್ನು ಓಡುತ್ತಿರಲು, ಕ್ಲಚ್ಚನ್ನು ಒತ್ತಿದಾಗ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗು. ಒತ್ತಿದಾಗ ಸದ್ದು ಅಡಗಿ ಬಿಟ್ಟಾಗ ಮರಳಿದರೆ ಗೇರುಪೆಟ್ಟಿಗೆಯ ಒಳಗಿನ ಬೇರಿಂಗು. ಕ್ಲಚ್ ಪ್ಲೇಟು ಬದಲಿಸಿದವರು ಹಳೆಯ ರಿಲೀಸ್ ಬೇರಿಂಗನ್ನೇ ಉಳಿಸಿ ನಾಲ್ಕು ಕಾಸು ಮಿಗಿಸಿದ್ದರೆ, ಅದೇ ಗೇರುಪೆಟ್ಟಿಗೆಯನ್ನು ಎರಡನೆಯ ಸಲ ಇಳಿಸುವ ಕೂಲಿ ತೆರಬೇಕಾಗುವುದು ಇಲ್ಲಿಯೇ.

ಆಲ್ಟರ್ನೇಟರೋ ನೀರಿನ ಪಂಪೋ ಬದಲಾದ ಮೇಲೆ ಬೆಲ್ಟು ಚಿಲಿಪಿಲಿಗುಟ್ಟುವುದಕ್ಕೆ ಮೇಸ್ತ್ರಿಗಳು ನೀರಿನ ಪರೀಕ್ಷೆ ಮಾಡುತ್ತಾರೆ: ಓಡುವ ಬೆಲ್ಟಿನ ಗೀರುಗಳಿರುವ ಮಗ್ಗುಲಿಗೆ ದೂರದಿಂದ ಒಂದಿಷ್ಟು ನೀರು ಸಿಂಪಡಿಸಿದಾಗ ಸದ್ದು ಗಳಿಗೆಯ ಮಟ್ಟಿಗೆ ಅಡಗಿ ಮರಳಿದರೆ ರಾಟೆಗಳು ಒಂದೇ ನೇರದಲ್ಲಿಲ್ಲ, ಸದ್ದು ಇನ್ನೂ ಜೋರಾದರೆ ಬೆಲ್ಟಿನ ಬಿಗಿ ಸಾಲದು. ಗೋಡೆಯ ಪರೀಕ್ಷೆ ಇನ್ನೂ ಸುಲಭ. ಕಿಟಕಿ ಇಳಿಸಿ, ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಸಾಗಿದರೆ ಆ ಮಗ್ಗುಲಿನ ಚಕ್ರಗಳ ಸದ್ದು ಗೋಡೆಗೆ ಬಡಿದು ನೇರ ಕಿವಿಗೆ ಮರಳುತ್ತದೆ. ಹಿಂದಿರುಗಿ ಬರುವಾಗ ಇನ್ನೊಂದು ಮಗ್ಗುಲು. ಇದಕ್ಕೆಲ್ಲ ಮುಂಚೆ ಬಾಗಿಲಿನ ಜೇಬಿನ ನೀರಿನ ಬಾಟಲಿ, ಡ್ಯಾಶ್‌ಬೋರ್ಡಿನ ಚಿಲ್ಲರೆ ಕಾಸು, ಸೀಟಿನಡಿಯ ಕೊಡೆ, ಗ್ರಿಲ್ಲಿಗೆ ಕಟ್ಟಿ ಮರೆತ ಸೇವಂತಿಗೆ ಮಾಲೆಯ ನಾರು ಇವನ್ನು ಹೊರಗೆ ತೆಗೆಯತಕ್ಕದ್ದು.

ಹಳೆಯ ಕಾಲದವರಿಗೆ ಈ ತಾಪತ್ರಯ ಇಷ್ಟಿರಲಿಲ್ಲ ಎನ್ನಬಹುದೇನೋ. ಅಂಬಾಸಡರಿನಲ್ಲಿ ಕುಳಿತು ಮಡಿಕೇರಿಯ ಘಟ್ಟ ಹತ್ತಿದವರಿಗೆ ಹಾರನ್ನೊಂದನ್ನು ಬಿಟ್ಟು ಮಿಕ್ಕೆಲ್ಲವೂ ಸದ್ದುಮಾಡುವುದೆಂಬುದು ಹಾಸ್ಯವಾಗಿರದೆ ಅನುಭವವಾಗಿತ್ತು; ಅಷ್ಟು ಸದ್ದಿನಲ್ಲಿ ಹೊಸದೊಂದು ಸೇರಿದರೆ ಗುರುತಿಸುವವರಾರು? ನಿಶ್ಶಬ್ದತೆ ಆಗ ಶ್ರೀಮಂತರ ಸರಕು. ಜಾಹೀರಾತು ಲೋಕದ ಡೇವಿಡ್ ಓಗಿಲ್ವಿ 1958ರಲ್ಲಿ ರೋಲ್ಸ್ ರಾಯ್ಸ್ ಕಾರನ್ನು ಹೊಗಳಿದ್ದು ಅದರ ವೇಗದಿಂದಲ್ಲ. ಗಂಟೆಗೆ ಅರುವತ್ತು ಮೈಲಿಯ ಓಟದಲ್ಲಿ ಅದರೊಳಗೆ ಅತ್ಯಂತ ಜೋರಾಗಿ ಕೇಳುವುದು ವಿದ್ಯುತ್ ಗಡಿಯಾರದ ಸದ್ದೆಂದು ಸಾರಿದ. ಇಂದು ಸಾಮಾನ್ಯ ಗೃಹಸ್ಥನ ಕಾರೂ ಆ ಮೌನದ ಹತ್ತಿರಕ್ಕೆ ಬಂದಿದೆ, ಅದರೊಂದಿಗೆ ರೋಲ್ಸ್ ರಾಯ್ಸ್ ಒಡೆಯನ ಮುಂಗೋಪವೂ ಬಂದಿದೆ. 2001ರಲ್ಲಿ ಬೆಂಗಳೂರಿನಲ್ಲಿಯೇ ತಯಾರಾಗಿ ಬೀದಿಗಿಳಿದ ರೇವಾದಂತಹ ವಿದ್ಯುತ್ ಕಾರುಗಳಲ್ಲಾದರೆ ಎಂಜಿನ್ನಿನ ಮುಸುಕೇ ಇಲ್ಲ. ಒಂದು ಪ್ಲಾಸ್ಟಿಕ್ ಕ್ಲಿಪ್ಪಿನ ಕಿರಿಕಿರಿಯೂ ಅಲ್ಲಿ ರಾಜಾರೋಷವಾಗಿ ಕೇಳುತ್ತದೆ.

ಕೇಳಿದ ಕೂಡಲೆ ನಿಲ್ಲಿಸಿ
ಚಕ್ರ ಬಿಚ್ಚಿ ಹಾಕಿದ ಮೇಲೆ ಧಡ್ ಧಡ್ ಎಂಬ ಲಯಬದ್ಧ ಬಡಿತದೊಂದಿಗೆ ಸ್ಟೀರಿಂಗು ನಡುಗಿದರೆ ಮುಂದೆ ಒಂದು ಗಜವೂ ಹೋಗಬೇಡಿ: ನಟ್ಟುಗಳು ಸಡಿಲಾಗಿರಬಹುದು. ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿತ ಬೇಕು, ನಿಖರ ಅಂಕಿ ಕೈಪಿಡಿಯಲ್ಲಿರುತ್ತದೆ. ಅದನ್ನು ಟಾರ್ಕ್ ರೆಂಚಿನಿಂದ, ಎದುರುಬದುರಿನ ಕ್ರಮದಲ್ಲಿ ಕೊಡಬೇಕು. ಐವತ್ತು ನೂರು ಕಿಲೋಮೀಟರ್ ಓಡಿದ ಬಳಿಕ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ. ಬ್ರೇಕು ಒತ್ತಿದಾಗ ಲೋಹಕ್ಕೆ ಲೋಹ ಅರೆಯುವ ಸದ್ದು, ಆಯಿಲ್ ದೀಪ ಉರಿಯುತ್ತಿರುವಾಗ ಎಂಜಿನ್ನಿನ ಆಳದಿಂದ ಬರುವ ಗುದ್ದು, ಇವೆರಡಕ್ಕೂ ಇದೇ ನಿಯಮ.

ಇಷ್ಟೆಲ್ಲ ಪರೀಕ್ಷೆ ಮಾಡಿದ ಗೃಹಸ್ಥರೂ ಎಡವುವ ಸ್ಥಳವೆಂದರೆ ಗ್ಯಾರೇಜಿನ ಮೇಜು. ಕಂಡದ್ದನ್ನು ಕಂಡಂತೆ ಹೇಳುವುದನ್ನು ಬಿಟ್ಟು, “ಲಿಂಕ್ ರಾಡ್ ಹೋಗಿದೆ, ಬದಲಾಯಿಸಿ” ಎಂದುಬಿಡುತ್ತಾರೆ. ಗಿರಾಕಿ ಬಾಯಿಬಿಟ್ಟು ಕೇಳಿದ ಭಾಗವನ್ನು ಬದಲಿಸಿಕೊಟ್ಟವನ ಮೇಲೆ ಆಮೇಲೆ ಯಾವ ದೂರೂ ನಿಲ್ಲುವುದಿಲ್ಲ. ಲಿಂಕ್ ರಾಡ್ ಬದಲಾಗುತ್ತದೆ, ಸದ್ದು ಉಳಿಯುತ್ತದೆ. ದೊಡ್ಡ ಸರ್ವಿಸ್ ಸೆಂಟರುಗಳಲ್ಲಾದರೋ ನೀವು ಐದು ನಿಮಿಷ ವರ್ಣಿಸಿದ್ದೆಲ್ಲವೂ ಕಂಪ್ಯೂಟರಿನಲ್ಲಿ ‘ನಾಯ್ಸ್ ಚೆಕ್’ ಎಂಬ ಎರಡು ಶಬ್ದವಾಗಿ ಇಳಿಯುತ್ತದೆ. ಒಳಗೆ ಗಾಡಿಯ ಕೆಳಗೆ ಮಲಗುವವನಿಗೆ ತಲುಪುವುದು ಆ ಎರಡೇ ಶಬ್ದ. ಆದಕಾರಣ ಜಾಬ್ ಕಾರ್ಡಿನಲ್ಲಿ, ಹಟ ಹಿಡಿದಾದರೂ ಸರಿ, ಹೀಗೆ ಬರೆಯಿಸಬೇಕು: ‘ಇಂಥ ಕೆಲಸ ಮಾಡಿಸಿದ ಮೇಲೆ ಶುರುವಾಯಿತು, ಮುಂದೆ ಎಡಗಡೆ, ಸಣ್ಣ ಕುಳಿಯಲ್ಲಿ ನಿಧಾನಕ್ಕೆ ಹೋದಾಗ ಮಾತ್ರ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ, ಬೆಳಿಗ್ಗೆ ಸಂಜೆ ವ್ಯತ್ಯಾಸವಿಲ್ಲ.’ ಕೈಯಲ್ಲಿರುವ ಫೋನಿನಲ್ಲಿ ಸದ್ದನ್ನು ಹಿಡಿದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಗ್ಯಾರೇಜಿನ ಬಾಗಿಲಲ್ಲಿ ಮೌನವ್ರತ ಹಿಡಿಯುವ ಸದ್ದಿಗೆ ಅದೊಂದೇ ಸಾಕ್ಷಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ದುರಸ್ತಿಯ ಲೋಪವನ್ನು ಒಪ್ಪಿ ಸರಿಮಾಡಿಕೊಡದ ಸಂದರ್ಭದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿಗೂ ಬೇಕಾಗುವುದು ಆ ಜಾಬ್ ಕಾರ್ಡೇ.

ಕಾಯ್ದೆ ಹೇಗಾದರೂ ಇರಲಿ, ಒಂದು ಮಾತನ್ನು ಗ್ಯಾರೇಜಿನವರ ಪರವಾಗಿಯೂ ಹೇಳಬೇಕು. ನಮ್ಮ ಬಿಲ್ಲುಗಳಲ್ಲಿ ಬಿಡಿಭಾಗಕ್ಕೊಂದು ಕಾಲಮ್ಮುಂಟು, ಬಿಚ್ಚಿ ಕೂಡಿಸಿದ ಕೂಲಿಗೊಂದು ಕಾಲಮ್ಮುಂಟು. ಗಾಡಿಯಲ್ಲಿ ಕುಳಿತು ಅರ್ಧ ಗಂಟೆ ಕಿವಿಗೊಟ್ಟುದಕ್ಕೆ ಕಾಲಮ್ಮಿಲ್ಲ. ಕೇಳಿದ್ದಕ್ಕೆ ಕಾಸು ಕೊಡದ ಊರಿನಲ್ಲಿ ಮೇಸ್ತ್ರಿಯಾದವನು ಹೊಟ್ಟೆ ಹೊರೆಯುವುದು ಬದಲಿಸಿದ ಭಾಗದ ಮೇಲಿನ ಲಾಭದಿಂದ, ಆದಕಾರಣ ಅವನ ಕಿವಿಯೂ ಬದಲಿಸಬೇಕಾದ ಭಾಗದ ಕಡೆಗೇ ವಾಲುತ್ತದೆ. ‘ಚೆಕಿಂಗ್ ಚಾರ್ಜ್’ ಎಂದು ಯಾರಾದರೂ ಕೇಳಿದರೆ ನಾವು ತರಕಾರಿ ಅಂಗಡಿಯ ಮುಂದೆ ನಿಂತವರ ಹಾಗೆ ಚೌಕಾಸಿಗಿಳಿಯುತ್ತೇವೆ. ಅದನ್ನು ಮೊದಲೇ ಮಾತಾಡಿ, ಮೇಸ್ತ್ರಿ ಕೇಳಿದಷ್ಟು ತೆಗೆದಿಟ್ಟು, “ಏನೂ ಬದಲಾಯಿಸದಿದ್ದರೂ ಇದು ನಿಮ್ಮದೇ” ಎಂದು ಹೇಳಿದ ಗಿರಾಕಿಗೆ, ಒಂದು ರೌಂಡು ಹೋಗಿಬಂದ ಮೇಲೆ ಸಿಗುವ ಉತ್ತರ ಬೇರೆಯೇ ಇರುವುದನ್ನು ನಾನು ಅನೇಕ ಸಲ ಕೇಳಿದ್ದೇನೆ: “ಸ್ಪೇರ್ಸು ಏನೂ ಬೇಡ ಸಾರ್. ಲಿಂಕ್ ರಾಡಿನ ನಟ್ಟು ಲೂಸಾಗಿದೆ. ನಿಂತಿರಿ, ಹದಿನಾಲ್ಕರ ಪಾನಾ ತರ್ತೀನಿ.”